ಕೊಟ್ಟಿಗೆಗೆ ಬಂದ ಕಬ್ಬಿಣ

ಶಿರಸಿಯಿಂದ ಸಿದ್ದಾಪುರದ ಕಡೆಗೋ ಯಲ್ಲಾಪುರದ ಕಡೆಗೋ ಹೊರಟು, ಡಾಂಬರು ರಸ್ತೆ ಬಿಟ್ಟು ತೋಟದ ಇಳಿಜಾರಿಗೆ ತಿರುಗಿಕೊಂಡರೆ ಸಿಗುವ ಮನೆಗಳಲ್ಲಿ ಈಗ ಕೊಟ್ಟಿಗೆಗಳು ಖಾಲಿಯಾಗುತ್ತಿವೆ. ಹತ್ತು ಹನ್ನೆರಡು ದನ ಕಟ್ಟುತ್ತಿದ್ದಲ್ಲಿ ಎರಡು ಉಳಿದಿವೆ, ಕೆಲವೆಡೆ ಒಂದೂ ಇಲ್ಲ. ಕಟ್ಟಡ ಮಾತ್ರ ಗಟ್ಟಿಯಾಗಿದೆ. ಚಿರೇಕಲ್ಲಿನ ಗೋಡೆ, ಮತ್ತಿಯದೋ ನಂದಿಯದೋ ಕಂಬ, ಮೇಲೆ ಮಂಗಳೂರು ಹೆಂಚು. ಒಳಗೆ ಸ್ಪ್ರಿಂಕ್ಲರ್ ಪೈಪಿನ ಸುರುಳಿ, ಔಷಧಿ ಹೊಡೆಯುವ ಪಂಪು, ಹೆಂಚಿನ ಅಟ್ಟಿ, ತುಕ್ಕು ಹಿಡಿದ ಗೋಬರ್ ಗ್ಯಾಸ್ ಡ್ರಮ್ಮು, ಯಾವತ್ತಾದರೂ ಬೇಕಾದೀತು ಎಂದು ಎತ್ತಿಟ್ಟು ಯಾವತ್ತೂ ಬೇಕಾಗದ ಮರದ ತುಂಡುಗಳು. ಇಂಥ ಕೊಟ್ಟಿಗೆಯ ಒಂದು ಮೂಲೆ ಗುಡಿಸಿ ಮ್ಯಾಟು ಹಾಸಿ, ಒಂದು ಬೆಂಚು, ನಾಲ್ಕು ಡಂಬೆಲ್ಲು, ಗೋಡೆಗೊಂದು ಕನ್ನಡಿ ಇಟ್ಟುಕೊಂಡರೆ ಮನೆಯಲ್ಲೇ ಜಿಮ್ಮು ಆಯಿತು. ಪೇಟೆಯಲ್ಲಿ ಕಾರಿನ ಶೆಡ್ಡಿಗೆ ಮಾಡುವುದನ್ನು ಇಲ್ಲಿ ಕೊಟ್ಟಿಗೆಗೆ ಮಾಡಬೇಕು, ಅಷ್ಟೇ ವ್ಯತ್ಯಾಸ.

ವ್ಯತ್ಯಾಸ ಅಷ್ಟೇ ಅಲ್ಲ ಎಂಬುದು ಕೆಲಸಕ್ಕೆ ಇಳಿದ ಮೇಲೆ ಗೊತ್ತಾಗುತ್ತದೆ. ಅದಕ್ಕೆ ಮುಂಚೆ ಮನೆಯ ಅಜ್ಜನಿಗೆ ಉತ್ತರ ಹೇಳಬೇಕು.

"ಅಲ್ದೋ ತಮಾ, ದುಡ್ಡು ಕೊಟ್ಟು ಭಾರ ತಗಬಂದು, ಎತ್ತಿ ವಾಪಸ್ ಅಲ್ಲೇ ಇಡದು ಎಂತಕ್ಕೋ? ನಾಲ್ಕು ಹೊರೆ ಸೊಪ್ಪು ಹೊತ್ರೆ ಸಾಲ್ತಿಲ್ಯನ?"

ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವ ಹಾಗಿಲ್ಲ. ಸೊಪ್ಪಿನ ಬೆಟ್ಟದಿಂದ ಹಸಿಸೊಪ್ಪು ಕಡಿದು ತಲೆಯ ಮೇಲೆ ಹೊತ್ತು ತರುವುದು, ಬೇಸಿಗೆಯಲ್ಲಿ ಉದುರಿದ ಒಣ ಎಲೆ, ಅಂದರೆ ದರಕು, ಗುಡಿಸಿ ಹಗ್ಗದ ಬಲೆಯಂಥ ದೊಡ್ಡ ಕಲ್ಲಿಯಲ್ಲಿ ತುಂಬಿ ಇಳಿಸುವುದು, ಗೊಬ್ಬರವನ್ನು ಬುಟ್ಟಿಯಲ್ಲಿ ತೋಟಕ್ಕೆ ಹೊರುವುದು, ಅಡಿಕೆ ಕೊನೆ ಹೊತ್ತು ದಿಣ್ಣೆ ಹತ್ತುವುದು, ಇವೆಲ್ಲ ಇದ್ದ ಕಾಲದಲ್ಲಿ ವ್ಯಾಯಾಮ ಎಂದು ಬೇರೆ ಸಮಯ ಇಡಬೇಕಾಗಿರಲಿಲ್ಲ. ಆದರೆ ಆ ಹೊರೆಗಳನ್ನು ಅಜ್ಜನ ಮನೆಯಲ್ಲೂ ಈಗ ಯಾರೂ ಹೊರುತ್ತಿಲ್ಲ. ಗೊಬ್ಬರ ಮೋಟಾರು ಗಾಡಿಯಲ್ಲಿ ಹೋಗುತ್ತದೆ, ಕಳೆಗೆ ಬ್ರಷ್ ಕಟರ್ ಇದೆ, ಅಡಿಕೆ ಸುಲಿಯಲು ಯಂತ್ರ ಬಂದಿದೆ, ಅಡಿಕೆ ಕೊನೆ ಇಳಿಸುವ ಕೊನೆಗೌಡನಿಗೆ ಮರ ಹತ್ತುವ ಬದಲು ನೆಲದಲ್ಲೇ ನಿಂತು ಕೊಯ್ಯಲು ಕಾರ್ಬನ್ ಫೈಬರ್ ದೋಟಿ ಸಿಕ್ಕಿದೆ. ತಪ್ಪೇನಿಲ್ಲ. ಮರ ಹತ್ತಿ ಬಿದ್ದು ಸೊಂಟ ಮುರಿದುಕೊಂಡವರನ್ನು ಕಂಡ ಯಾರೂ ಹಳೆಯ ಕಾಲವೇ ಚೆನ್ನಾಗಿತ್ತು ಎಂದು ಹಾಡಲಾರರು. ಆದರೆ ದೇಹಕ್ಕೆ ಬೀಳುತ್ತಿದ್ದ ಭಾರ ಹೋಯಿತು, ಊಟದ ಬಟ್ಟಲು ಮಾತ್ರ ಮೊದಲಿನಷ್ಟೇ ಉಳಿಯಿತು. ಐಸಿಎಂಆರ್ ನಡೆಸಿದ ದೊಡ್ಡ ಸಮೀಕ್ಷೆ 2023ರಲ್ಲಿ ಪ್ರಕಟವಾದಾಗ ದೇಶದಲ್ಲಿ ಸಕ್ಕರೆ ಕಾಯಿಲೆಯವರ ಸಂಖ್ಯೆ 10.1 ಕೋಟಿ ಎಂದು ಅಂದಾಜಿಸಿತ್ತು. ಇದು ಪೇಟೆಯವರ ಕಾಯಿಲೆ ಎಂಬ ಸಮಾಧಾನ ಹಳ್ಳಿಗೆ ಈಗ ಉಳಿದಿಲ್ಲ.

ಇನ್ನೊಂದು ಮಾತೂ ಇದೆ. ದುಡಿಮೆ ಮತ್ತು ವ್ಯಾಯಾಮ ಒಂದೇ ಅಲ್ಲ. ಮೆಟ್ಟುಗತ್ತಿಯ ಮುಂದೆ ಕುಳಿತು ದಿನವಿಡೀ ಅಡಿಕೆ ಸುಲಿಯುವ ಹೆಣ್ಣುಮಕ್ಕಳು ಕಡಿಮೆ ದುಡಿಯುವವರಲ್ಲ. ಆದರೂ ಸೊಂಟ, ಹೆಗಲು, ಕುತ್ತಿಗೆ ನೋವು ಎನ್ನದವರು ಕಡಿಮೆ. ದುಡಿಮೆ ಒಂದೇ ಚಲನೆಯನ್ನು ಸಾವಿರ ಸಲ ಮಾಡಿಸುತ್ತದೆ. ಒಂದು ಕೈಯಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ. ಸಾಕಾಯಿತು ಎಂದಾಗ ನಿಲ್ಲಿಸುವ ಸ್ವಾತಂತ್ರ್ಯವೂ ಅಲ್ಲಿಲ್ಲ. ವ್ಯಾಯಾಮದಲ್ಲಿ ಭಾರ ಅಳೆದು ಏರಿಸುತ್ತೇವೆ, ಎಡಬಲ ಎರಡನ್ನೂ ದುಡಿಸುತ್ತೇವೆ, ಮರುದಿನ ಬಿಡುವು ಕೊಡುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆ ಹೀಗಿದೆ: ವಾರಕ್ಕೆ 150ರಿಂದ 300 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆ, ಅದರ ಜೊತೆಗೆ ವಾರದಲ್ಲಿ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ಕೆಲಸ, 65 ದಾಟಿದವರಿಗೆ ಮೂರು ದಿನ ಸಮತೋಲನದ ಅಭ್ಯಾಸ. ಉಂಡ ಅನ್ನದ ಸಕ್ಕರೆಯಲ್ಲಿ ದೊಡ್ಡ ಪಾಲನ್ನು ಎಳೆದುಕೊಳ್ಳುವುದು ನಮ್ಮ ಸ್ನಾಯುಗಳೇ ಎಂಬುದು ಗೊತ್ತಿದ್ದರೆ ಈ ಎರಡು ದಿನದ ಬೆಲೆ ತಿಳಿಯುತ್ತದೆ.

ಗರಡಿಯಿಂದ ಅಂಚೆಪೆಟ್ಟಿಗೆಗೆ

ಕರ್ನಾಟಕಕ್ಕೆ ಭಾರ ಎತ್ತುವ ವಿದ್ಯೆ ಹೊಸತಲ್ಲ. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದ ಎಂಬ ಭಾಗವೇ ಇದೆ. ಜಟ್ಟಿಗಳನ್ನು ಹೇಗೆ ತಯಾರು ಮಾಡಬೇಕು, ಭಾರ ಎತ್ತುವುದು, ಈಜುವುದು, ಕಂಬದ ಮೇಲಿನ ಕಸರತ್ತು ಎಲ್ಲದರ ವಿವರ ಅಲ್ಲಿದೆ. ಶಿರಸಿ ತಾಲ್ಲೂಕಿನ ಬನವಾಸಿ ಆಗ ಅವರ ಆಳ್ವಿಕೆಗೇ ಸೇರಿತ್ತು. ಮೈಸೂರು, ದಾವಣಗೆರೆ, ಧಾರವಾಡದ ಕಡೆ ಗರಡಿ ಮನೆಗಳು ಕೆಮ್ಮಣ್ಣಿನ ಮಟ್ಟಿ, ಗದೆ, ಕಲ್ಲುಗುಂಡು, ದಂಡ, ಬಸ್ಕಿಗಳೊಂದಿಗೆ ಬೆಳೆದವು. ಯಲ್ಲಾಪುರದ ಪಕ್ಕದ ಹಳಿಯಾಳದಲ್ಲಿ ಕುಸ್ತಿಯ ಹುಚ್ಚು ಇವತ್ತಿಗೂ ಇಳಿದಿಲ್ಲ. ತೋಟದ ಸೀಮೆಗೆ ಮಾತ್ರ ಅದು ಅಷ್ಟಾಗಿ ಬರಲಿಲ್ಲ. ಇಲ್ಲಿ ದೇಹವನ್ನು ಶಿಸ್ತಿಗೆ ಒಳಪಡಿಸಿದ್ದು ಯಕ್ಷಗಾನ. ರಾತ್ರಿಯಿಡೀ ವೇಷದ ಭಾರ ಹೊತ್ತು ಕುಣಿದು, ಮಂಡಿಯೂರಿ ಸುತ್ತು ಹಾಕಿ, ಬೆಳಗಿನ ಜಾವಕ್ಕೂ ಏದುಸಿರಿಲ್ಲದೆ ಅರ್ಥ ಹೇಳುವವರಿಗೆ ಯಾವ ಜಿಮ್ಮಿನ ತರಬೇತುದಾರನೂ ಹೊಸದೇನನ್ನೂ ಕಲಿಸಲಾರ.

ಮನೆಯಲ್ಲೇ ವ್ಯಾಯಾಮ ಎಂಬ ಆಲೋಚನೆಗೆ ಕನ್ನಡದಲ್ಲಿ ಒಬ್ಬ ಹಿರಿಯರಿದ್ದಾರೆ. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳ ಕೆ.ವಿ. ಅಯ್ಯರ್ ಅವರನ್ನು ಓದುಗರು ಮರೆತಿಲ್ಲ. ಅವರು ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸಿದ, ತಮ್ಮ ಮೈಕಟ್ಟಿನಿಂದಲೇ ಹೆಸರಾದ ವ್ಯಾಯಾಮಗುರು ಎಂಬುದು ಕಿರಿಯರಿಗೆ ಅಷ್ಟು ಗೊತ್ತಿಲ್ಲ. 1930ರಲ್ಲಿ ಅವರ 'ಮಸಲ್ ಕಲ್ಟ್' ಎಂಬ ಇಂಗ್ಲಿಷ್ ಪುಸ್ತಕ ಬಂತು. ವ್ಯಾಯಾಮಶಾಲೆಗೆ ಬರಲಾಗದ ದೂರದೂರಿನವರಿಗೆ ಅವರು ಅಂಚೆಯ ಮೂಲಕ ಪಾಠ ಕಳಿಸುತ್ತಿದ್ದರು. ಇವತ್ತು ಮೊಬೈಲಿನಲ್ಲಿ ವಿಡಿಯೊ ನೋಡಿ ಬಸ್ಕಿ ಹೊಡೆಯುವ ಹುಡುಗ, ತೊಂಬತ್ತು ವರ್ಷದ ಹಿಂದೆ ಅಂಚೆಯಣ್ಣನ ದಾರಿ ಕಾಯುತ್ತಿದ್ದ ಹುಡುಗನ ಮೊಮ್ಮಗನಿರಬಹುದು. ಅಯ್ಯರ್ ಯೋಗಾಸನ, ಸೂರ್ಯನಮಸ್ಕಾರಗಳನ್ನೂ ಡಂಬೆಲ್ಲನ್ನೂ ಬೇರೆ ಬೇರೆ ಪಂಗಡ ಎಂದು ನೋಡಿದವರಲ್ಲ. ಕೊಟ್ಟಿಗೆ ಜಿಮ್ಮಿಗೆ ಅದೇ ಸರಿಯಾದ ನೋಟ ಎಂದು ನನ್ನ ಅಭಿಪ್ರಾಯ.

ಅಮೆರಿಕದಲ್ಲಿ ಈ ಕೆಲಸಕ್ಕೆ ಸಿಕ್ಕಿದ್ದು ಕಾರಿನ ಗ್ಯಾರೇಜು. ಕ್ರಾಸ್‌ಫಿಟ್ ಪದ್ಧತಿ ಕಟ್ಟಿದ ಗ್ರೆಗ್ ಗ್ಲಾಸ್‌ಮನ್ 2002ರಲ್ಲಿ ಗ್ಯಾರೇಜ್ ಜಿಮ್ ಕಟ್ಟುವುದು ಹೇಗೆಂದೇ ಬರೆದರು; ಕೋವಿಡ್ ಬಂದಾಗ ಅಲ್ಲಿ ಡಂಬೆಲ್ಲು ಸಿಗದಷ್ಟು ಬೇಡಿಕೆ ಬಂತು. ಅದೇ 2020ರಲ್ಲಿ ಬೆಂಗಳೂರಿನಿಂದ ಲ್ಯಾಪ್‌ಟಾಪ್ ಹಿಡಿದು ಊರಿಗೆ ಮರಳಿದವರು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದ್ದು ನೆನಪಿದೆಯಲ್ಲ. ಅವರಲ್ಲಿ ಕೆಲವರು ವಾಪಸ್ ಹೋಗಲಿಲ್ಲ. ಹೋಗದವರ ಕಣ್ಣು ಬಿದ್ದದ್ದು ಕೊಟ್ಟಿಗೆಯ ಮೇಲೆ. ತಮಾಷೆಯ ಸಂಗತಿ ಎಂದರೆ, ಅಮೆರಿಕದ ಗ್ಯಾರೇಜ್ ಜಿಮ್ಮಿನವರು ನೆಲಕ್ಕೆ ಹಾಸಲು ಹುಡುಕಿಕೊಂಡು ಹೋಗುವುದು ಕುದುರೆ ಲಾಯದ ಮುಕ್ಕಾಲು ಇಂಚು ದಪ್ಪದ ರಬ್ಬರ್ ಮ್ಯಾಟನ್ನು. ಜಿಮ್ಮಿನ ಹೆಸರಲ್ಲಿ ಮಾರುವ ಮ್ಯಾಟಿಗಿಂತ ಅದು ಅಗ್ಗ, ಗಟ್ಟಿ. ಜರ್ಸಿ ದನಕ್ಕೆಂದು ಅಂಥದ್ದೇ ಮ್ಯಾಟು ಹಾಕಿಸಿದ್ದ ಮನೆಗಳಲ್ಲಿ, ದನ ಹೋದರೂ ಅದು ಗೋಡೆಗೆ ಒರಗಿಕೊಂಡು ಇದ್ದೇ ಇದೆ.

ಮೊದಲು ಹೆಂಚು, ಆಮೇಲೆ ನೆಲ

ಸಲಕರಣೆಯ ಅಂಗಡಿಗೆ ಮೊದಲು ಫೋನು ಮಾಡುವುದು ಎಲ್ಲರಿಗೂ ಬರುವ ಆಸೆ. ಅದನ್ನು ತಡೆಯಿರಿ. ವರ್ಷಕ್ಕೆ ಎರಡೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಸೀಮೆ ಇದು, ಸಿದ್ದಾಪುರದ ಪಶ್ಚಿಮದ ಹಳ್ಳಿಗಳಲ್ಲಿ ಇನ್ನೂ ಹೆಚ್ಚು. ಮೊದಲ ಖರ್ಚು ಚಾವಣಿಗೆ. ಒಡೆದ ಹೆಂಚು ಬದಲಿಸಿ, ಕುಂಬಾದ ರೀಪು ತೆಗೆಸಿ. ಹೆಂಚು ಕಿತ್ತು ತಗಡು ಹಾಕೋಣ ಎಂದು ಮೇಸ್ತ್ರಿ ಹೇಳುತ್ತಾನೆ, ಅವನಿಗೆ ಅದು ಸುಲಭ. ತಗಡಿನ ಕೆಳಗೆ ಏಪ್ರಿಲಿನಲ್ಲಿ ಬೇಯಬೇಕು, ಜುಲೈನಲ್ಲಿ ಮಳೆಯ ಸದ್ದಿಗೆ ಕಿವುಡಾಗಬೇಕು. ಹೆಂಚೇ ಇರಲಿ. ನಡುವೆ ನಾಲ್ಕು ಗಾಜಿನ ಹೆಂಚು ಹಾಕಿಸಿದರೆ ಹಗಲಿಗೆ ದೀಪ ಬೇಡ.

ಕೊಟ್ಟಿಗೆಯ ಸೂರು ತಗ್ಗು. ಇರಚಲು ಒಳಗೆ ಬಾರದಿರಲಿ ಎಂದು ಅಂಚನ್ನು ಬಗ್ಗಿಸಿ ಇಳಿಸಿರುತ್ತಾರೆ. ನಮ್ಮ ಮಲೆನಾಡು ಗಿಡ್ಡ ತಳಿಯ ದನಕ್ಕೆ ಅದಕ್ಕಿಂತ ಎತ್ತರ ಬೇಕಾಗಿಯೂ ಇರಲಿಲ್ಲ. ಸಾಧಾರಣ ಎತ್ತರದ ಮನುಷ್ಯ ಬಾರ್‌ಬೆಲ್ಲನ್ನು ತಲೆಯ ಮೇಲೆ ಎತ್ತಿ ಹಿಡಿದರೆ ತುದಿಯ ತೂಕದ ಗಾಲಿಯ ಮೇಲಂಚಿನ ತನಕ ಎಂಟು, ಎಂಟೂವರೆ ಅಡಿ ಬೇಕು. ಅಷ್ಟು ಎತ್ತರ ಸಿಗುವುದು ಮಾಡಿನ ನೆತ್ತಿಯ ಕೆಳಗೆ ಮಾತ್ರ. ಹಾಗಾಗಿ ನಿಲ್ಲುವ ಜಾಗವನ್ನು ಕೊಟ್ಟಿಗೆಯ ನಡುಗೆರೆಯಲ್ಲಿ ಗುರುತು ಮಾಡಿಕೊಳ್ಳಿ. ಬಾರು ನೆತ್ತಿಯ ತೊಲೆಗೆ ಸಮಾನಾಂತರ ಇರುವ ಹಾಗೆ ನಿಲ್ಲಿ. ಅಡ್ಡಕ್ಕೆ ನಿಂತರೆ ಏಳಡಿಯ ಬಾರಿನ ಎರಡು ತುದಿಗಳು ಇಳಿಮಾಡಿನ ಕಡೆ ಹೋಗಿ ಹೆಂಚಿಗೆ ಬಡಿಯುತ್ತವೆ.

ನೆಲದ್ದು ದೊಡ್ಡ ಕತೆ. ಗಂಜಲ ಹರಿದುಹೋಗಲಿ ಎಂದು ಕೊಟ್ಟಿಗೆಯ ನೆಲ ಒಂದು ಕಡೆಗೆ ಇಳಿಜಾರಾಗಿರುತ್ತದೆ. ದನಕ್ಕೆ ಅದು ಅನುಕೂಲ. ಭಾರ ಹೊತ್ತು ನಿಲ್ಲುವವನಿಗೆ ಒಂದು ಕಾಲು ಸದಾ ತಗ್ಗಿನಲ್ಲಿರುತ್ತದೆ, ಸೊಂಟ ಓರೆಯಾಗುತ್ತದೆ, ಕೆಳಗಿಟ್ಟ ಬಾರು ತಾನಾಗಿ ಉರುಳಿ ಕಾಲುವೆಗೆ ಬೀಳುತ್ತದೆ. ಮಣ್ಣಿನ ಅಥವಾ ಹಾಸುಗಲ್ಲಿನ ಹಳೆಯ ನೆಲವಾದರೆ ಎಬ್ಬಿಸಿ, ದಶಕಗಟ್ಟಲೆ ಗಂಜಲ ಕುಡಿದ ಮಣ್ಣನ್ನು ಒಂದಡಿಯಾದರೂ ತೆಗೆಸಬೇಕು. ಇಲ್ಲದಿದ್ದರೆ ಮೇಲೆ ಏನೇ ಹಾಕಿ, ಮೊದಲ ಮಳೆಗೆ ವಾಸನೆ ಎದ್ದೇ ಏಳುತ್ತದೆ. ಆ ಮಣ್ಣನ್ನು ಎಸೆದೀರಿ ಮತ್ತೆ! ಅಡಿಕೆ ಬುಡಕ್ಕೆ ಅದಕ್ಕಿಂತ ಒಳ್ಳೆಯದು ಸಿಗಲಾರದು. ತೆಗೆದ ಜಾಗಕ್ಕೆ ಚಿರೇಕಲ್ಲಿನ ಚೂರು ತುಂಬಿ, ದಮ್ಮಸ್ಸು ಹೊಡೆಸಿ, ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ನಾಲ್ಕು ಇಂಚು ಕಾಂಕ್ರೀಟ್. ಪ್ಲಾಸ್ಟಿಕ್ ಹಾಳೆಯ ವಿಷಯದಲ್ಲಿ ಜಿಪುಣತನ ಬೇಡ. ಮಳೆಗಾಲದಲ್ಲಿ ನೆಲದಿಂದ ಏರುವ ತೇವವನ್ನು ತಡೆಯುವುದು ಅದೊಂದೇ. ಭಾರ ಹಾಕುವ ಎಂಟಡಿ ಚೌಕಕ್ಕೆ ಮಾತ್ರ ಮ್ಯಾಟು ಸಾಕು, ಇಡೀ ಕೊಟ್ಟಿಗೆಗೆ ಬೇಡ. ತಿಂಗಳಿಗೊಮ್ಮೆ ಎತ್ತಿ ಅಡಿ ಒಣಗಿಸಬೇಕು.

ಕೆಲವರು ಮೆತ್ತಿನ ಮೇಲೆ ಜಾಗ ಇದೆಯಲ್ಲ ಎನ್ನುತ್ತಾರೆ. ಮರದ ಹಲಗೆಯ ಮಹಡಿ ಅಡಿಕೆ ಚೀಲದ ಭಾರ ತಡೆದೀತು, ಕೈಜಾರಿ ಬೀಳುವ ಕಬ್ಬಿಣದ ಪೆಟ್ಟಿಗೆ ಅದನ್ನು ಯಾರೂ ಕಟ್ಟಿದ್ದಲ್ಲ.

ಗೋಡೆಗೆ ಸಿಮೆಂಟು ಗಿಲಾಯಿ ಮಾಡಿಸಿ ನುಣ್ಣಗೆ ಬಣ್ಣ ಹೊಡೆಸಿದರೆ ಫೋಟೊಗೆ ಚೆನ್ನ. ಚಿರೇಕಲ್ಲು ನೀರು ಕುಡಿಯುವ ಕಲ್ಲು. ಕುಡಿದದ್ದನ್ನು ಬಿಡಲು ಅದಕ್ಕೆ ದಾರಿ ಬೇಕು. ಗಂಜಲದ ಉಪ್ಪು ಹಿಡಿದ ಗೋಡೆಯಂತೂ ಎರಡೇ ಮಳೆಗಾಲದಲ್ಲಿ ಗಿಲಾಯಿಯನ್ನು ಹಪ್ಪಳದಂತೆ ಎಬ್ಬಿಸಿಬಿಡುತ್ತದೆ. ಸುಣ್ಣ ಬಳಿದರೆ ಸಾಕು. ಗೋಡೆ ಮತ್ತು ಮಾಡಿನ ನಡುವಿನ ತೆರಪನ್ನು ಅಲ್ಯೂಮಿನಿಯಂ ಕಿಟಕಿ ಇಟ್ಟು ಮುಚ್ಚುವವರಿದ್ದಾರೆ. ಹಳಬರು ದನಕ್ಕೆ ಗಾಳಿಯಾಡಲಿ ಎಂದು ಬಿಟ್ಟ ತೆರಪು ಅದು. ಏದುಸಿರು ಬಿಡುವ ಮನುಷ್ಯನಿಗೆ ಅದರ ಅಗತ್ಯ ಹೆಚ್ಚೇ. ಒಂದು ಜಾಳಿಗೆ ಹೊಡೆಸಿ, ಮಂಗ ಮತ್ತು ಹಾವು ಬಾರದ ಹಾಗೆ.

ಪುಲ್‌ಅಪ್ ಸರಳನ್ನು ಹಳೆಯ ತೊಲೆಗೆ ತೂಗಿ ಕಟ್ಟುವ ಮುನ್ನ ಸುತ್ತಿಗೆಯಿಂದ ಉದ್ದಕ್ಕೂ ಬಡಿದು ನೋಡಿ. ಟೊಳ್ಳು ಸದ್ದು ಬಂದಲ್ಲಿ ಒರಲೆ ತಿಂದಿರುತ್ತದೆ. ಜಗ್ಗಿ ಮೇಲೇರುವಾಗ ದೇಹದ ತೂಕದ ಎರಡರಷ್ಟು ಎಳೆತ ತೊಲೆಗೆ ಬೀಳಬಹುದು. ನನ್ನನ್ನು ಕೇಳಿದರೆ ತೊಲೆಯನ್ನು ಮುಟ್ಟಲೇಬೇಡಿ. ಅಡಿಕೆ ಸುಲಿಯುವ ಯಂತ್ರ, ಡ್ರೈಯರ್, ಗೊಬ್ಬರದ ಗಾಡಿ ಮಾಡಿಕೊಡುವ ವರ್ಕ್‌ಶಾಪುಗಳು ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲ್ಲೂಕಿನಲ್ಲಿ ಇವೆ. ಎರಡಿಂಚಿನ ಚೌಕ ಪೈಪಿನಲ್ಲಿ ಒಂದು ನಿಲುವು ಮಾಡಿಕೊಡಿ ಎಂದರೆ, ಅಡಿಕೆ ಕೊಯ್ಲಿನ ಗಡಿಬಿಡಿ ಇಲ್ಲದ ತಿಂಗಳಲ್ಲಿ ಖುಷಿಯಿಂದ ಮಾಡಿಕೊಡುತ್ತಾರೆ. ಬಾರು ಇಡುವ ಕೊಕ್ಕೆ, ಕೈಬಿಟ್ಟರೆ ಬಾರನ್ನು ತಡೆಯುವ ಅಡ್ಡಸರಳು ಎರಡನ್ನೂ ಅದಕ್ಕೇ ಬೆಸೆಯಿಸಬಹುದು.

ಮೈಲುತುತ್ತ, ಉಣುಗು, ಕರೆಂಟು

ಇಷ್ಟಾದ ಮೇಲೆ ಶಿರಸಿ ಸೀಮೆಯದೇ ಆದ ಮೂರು ತಂಟೆಗಳು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವ ಮನೆಯಲ್ಲಿ ಮೈಲುತುತ್ತ, ಸುಣ್ಣಗಳ ಚೀಲ ಇಡುವುದು ಹೆಚ್ಚಾಗಿ ಖಾಲಿ ಕೊಟ್ಟಿಗೆಯಲ್ಲೇ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಸುಣ್ಣ ಸಾಕೇ ಎಂದು ತಿಳಿಯಲು ಕತ್ತಿಯ ಅಲಗನ್ನು ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತರೆ ಇನ್ನಷ್ಟು ಸುಣ್ಣ ಬೇಕು. ಆ ಪರೀಕ್ಷೆಯಲ್ಲಿ ನಡೆಯುವುದೇನೆಂದರೆ ಕಬ್ಬಿಣ ಕರಗಿ ಆ ಜಾಗಕ್ಕೆ ತಾಮ್ರ ಬರುವುದು. ಅದೇ ಪುಡಿ ತೇವದ ನೆಲದಲ್ಲಿ ಡಂಬೆಲ್ಲಿನ ಪಕ್ಕ ಚೆಲ್ಲಿದ್ದರೆ ಇಡೀ ಮಳೆಗಾಲ ಆ ಪರೀಕ್ಷೆ ನಡೆಯುತ್ತಲೇ ಇರುತ್ತದೆ. ಔಷಧಿ, ರಾಸಾಯನಿಕ ಗೊಬ್ಬರದ ಚೀಲಗಳನ್ನು ಬೇರೆ ಕಡೆಗೆ ಸಾಗಿಸದೆ ಕಬ್ಬಿಣ ಒಳಗೆ ತರಬೇಡಿ. ತಂದ ಮೇಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಎಣ್ಣೆ ಬಟ್ಟೆಯಲ್ಲಿ ಒರೆಸಲೇಬೇಕು. ಬಾರಿನ ಹಿಡಿಗೆ ಅರದಂತೆ ಗೀರು ಹಾಕಿರುತ್ತಾರೆ, ತುಕ್ಕು ಮೊದಲು ಮನೆ ಮಾಡುವುದು ಆ ಗೀರುಗಳಲ್ಲಿ. ರಬ್ಬರು ಹೊದಿಸಿದ ಡಂಬೆಲ್ಲು ತುಟ್ಟಿಯಾದರೂ ಈ ಹವೆಗೆ ತಾಳುತ್ತದೆ.

ಎರಡನೆಯದು ಉಣುಗು. ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ವೈರಾಣುವನ್ನು 1957ರಲ್ಲಿ ಗುರುತಿಸಿದ್ದು ಸಿದ್ದಾಪುರಕ್ಕೆ ತಾಗಿದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಸಿದ್ದಾಪುರಕ್ಕೆ ಆ ಜ್ವರದ ಪರಿಚಯ ಚೆನ್ನಾಗಿಯೇ ಇದೆ. ಕಾಡಿಗೆ ಮೇಯಲು ಹೋಗುವ ದನದ ಮೈಯಲ್ಲಿ, ಹೊತ್ತು ತಂದ ದರಕಿನಲ್ಲಿ ಉಣುಗು ಮನೆಯ ತನಕ ಬರುತ್ತದೆ. ಕೊಟ್ಟಿಗೆ ಖಾಲಿ ಮಾಡಿ ಹಳೆಯ ದರಕು, ಹುಲ್ಲು ಎಳೆದು ಹಾಕುವ ಕೆಲಸವನ್ನು ಜನ ಹಿಡಿಯುವುದು ಬೇಸಿಗೆಯಲ್ಲಿ. ಆ ಕಾಯಿಲೆ ಹರಡುವುದೂ ಡಿಸೆಂಬರಿನಿಂದ ಮೇವರೆಗೆ. ಮೈಮುಚ್ಚುವ ಬಟ್ಟೆ ಹಾಕಿ, ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಕೈಕಾಲಿಗೆ ಸವರಿ, ಕೆಲಸ ಮುಗಿದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ. ದನ ಇನ್ನೂ ಎರಡು ಉಳಿದಿದ್ದರೆ ನಡುವೆ ಗೋಡೆ ಎಬ್ಬಿಸಬೇಕು, ಗೋಡೆಯಿಲ್ಲದೆ ಒಂದೇ ಸೂರಿನಡಿ ಎರಡೂ ನಡೆದಾವು ಎಂಬ ಆಸೆ ಬೇಡ.

ಮೂರನೆಯದು ಕರೆಂಟು. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲದ ಊರಲ್ಲಿ ಟ್ರೆಡ್‌ಮಿಲ್ ಬಟ್ಟೆ ಒಣಗಿಸಲು ಮಾತ್ರ ಉಪಯೋಗಕ್ಕೆ ಬರುತ್ತದೆ. ವೋಲ್ಟೇಜು ಏರಿಳಿದರೆ ಅದರ ಮೋಟಾರಿನ ಬೋರ್ಡು ಹೋಗುತ್ತದೆ. ಸರಿಮಾಡುವವರು ಹುಬ್ಬಳ್ಳಿಯಿಂದ ಬರಬೇಕು. ಕೈಕಾಲಿನ ಬಲದಲ್ಲೇ ಓಡುವ ಸೈಕಲ್ ಆಗಬಹುದು. ಎಲ್ಲಕ್ಕಿಂತ ಅಗ್ಗ ಸ್ಕಿಪ್ಪಿಂಗ್ ಹಗ್ಗ.

ಇನ್ನು ಭಾರ. ಅಂಗಡಿಯಲ್ಲಿ ಗಾಲಿಗಳನ್ನು ಕಿಲೋ ಲೆಕ್ಕದಲ್ಲಿ ಕೊಡುತ್ತಾರೆ, ಸಾಗಾಣಿಕೆ ಖರ್ಚು ಬೇರೆ. ಮೊದಲ ಆರು ತಿಂಗಳಿಗೆ ಅಷ್ಟು ಖರ್ಚು ಬೇಕೇ ಬೇಡ. 20 ಲೀಟರಿನ ಡಬ್ಬಿಗೆ ನೀರು ತುಂಬಿದರೆ 20 ಕಿಲೋ, ಒಣ ಮರಳು ತುಂಬಿದರೆ ಸುಮಾರು 32, ಕಾಂಕ್ರೀಟು ಹಾಕಿದರೆ 48ರ ಹತ್ತಿರ. ನಾಲ್ಕು ಲೀಟರಿನ ಎರಡು ಬಣ್ಣದ ಡಬ್ಬಿಗೆ ಕಾಂಕ್ರೀಟು ಹಾಕಿ ನಡುವೆ ಪೈಪು ನಿಲ್ಲಿಸಿದರೆ ಒಂದೊಂದು ಒಂಬತ್ತೂವರೆ ಕಿಲೋದ ಗಾಲಿ. ಒಂದು ಚಿರೇಕಲ್ಲು ಹೆಚ್ಚುಕಡಿಮೆ 28, 30 ಕಿಲೋ ತೂಗುತ್ತದೆ. ಎರಡು ಕಲ್ಲನ್ನು ಒಂದೊಂದಾಗಿ ಕೊಟ್ಟಿಗೆಯ ಈ ತುದಿಯಿಂದ ಆ ತುದಿಗೆ ಎದೆಗವಚಿ ಹೊತ್ತು ನೋಡಿ, ಯಾವ ಯಂತ್ರಕ್ಕೂ ಅದು ಕಡಿಮೆಯಲ್ಲ. ದಂಡ, ಬಸ್ಕಿ, ಸೂರ್ಯನಮಸ್ಕಾರಕ್ಕಂತೂ ಮ್ಯಾಟು ಬಿಟ್ಟು ಬೇರೇನೂ ಬೇಡ. ಒಂದು 20 ಕಿಲೋದ ಒಳ್ಳೆಯ ಬಾರು, ಎರಡು ಜೊತೆ ಡಂಬೆಲ್ಲು, ಒಂದು ಗಟ್ಟಿ ಬೆಂಚು. ಇಷ್ಟರಲ್ಲಿ ವರ್ಷ ಕಳೆಯದವನಿಗೆ ಇಡೀ ಜಿಮ್ಮು ತಂದುಕೊಟ್ಟರೂ ಪೈಪಿನ ಸುರುಳಿ ಮತ್ತೆ ಅದರ ಮೇಲೇ ಬಂದು ಕೂರುತ್ತದೆ.

ಒಂಟಿಮನೆಗಳ ಸೀಮೆ ಇದು. ತೋಟದಾಚೆಯ ಮನೆಗೆ ಕೂಗು ಕೇಳದು, ಮೊಬೈಲು ಇದ್ದರೂ ಸಿಗ್ನಲ್ ಇರಲೇಬೇಕೆಂಬ ನಿಯಮವಿಲ್ಲ. ಒಬ್ಬನೇ ಬೆಂಚಿನ ಮೇಲೆ ಮಲಗಿ ಎದೆಯ ಮೇಲೆ ಬಾರು ಎತ್ತುವುದು ಇಲ್ಲಿ ಮಾಡಬಾರದ ಕೆಲಸ. ಕೈ ಸೋತರೆ ಬಾರು ಕುತ್ತಿಗೆಯ ಮೇಲೆ ಕೂರುತ್ತದೆ. ಅಡ್ಡಸರಳಿಲ್ಲದಿದ್ದರೆ ಡಂಬೆಲ್ಲಿನಲ್ಲೇ ಮಾಡಿ, ಅದನ್ನು ಬದಿಗೆ ಬಿಟ್ಟುಬಿಡಬಹುದು. ನಲವತ್ತು ದಾಟಿದವರು, ಬಿಪಿ ಸಕ್ಕರೆ ಇದ್ದವರು ವೈದ್ಯರಿಗೆ ತೋರಿಸಿಕೊಂಡೇ ಶುರು ಮಾಡಬೇಕು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಉತ್ತರ ಕನ್ನಡದವರು 2022ರಲ್ಲಿ ಮತ್ತೆ ಜೋರಾಗಿ ದನಿ ಎತ್ತಿದ್ದು ಸುಮ್ಮನೆ ಅಲ್ಲ. ಎದೆನೋವು ಬಂದರೆ ಶಿರಸಿಯಿಂದ ಹುಬ್ಬಳ್ಳಿಗೆ ನೂರು ಕಿಲೋಮೀಟರ್ ದಾರಿ. ವಾಗ್ಭಟ 'ಅಷ್ಟಾಂಗ ಹೃದಯ'ದಲ್ಲಿ ಬಲಿಷ್ಠನೂ ತನ್ನ ಶಕ್ತಿಯ ಅರ್ಧದಷ್ಟೇ ವ್ಯಾಯಾಮ ಮಾಡಬೇಕು, ಅದೂ ಚಳಿಗಾಲ ಮತ್ತು ವಸಂತದಲ್ಲಿ, ಉಳಿದ ಋತುಗಳಲ್ಲಿ ಇನ್ನೂ ಕಡಿಮೆ ಎಂದ. ಅರ್ಧ ಶಕ್ತಿಯ ಮಾತು ಕೊಟ್ಟಿಗೆಗೆ ಸರಿ. ಋತುವಿನ ಮಾತು ಮಾತ್ರ ನಮಗೆ ಹೊಂದುವುದಿಲ್ಲ, ಉಂಬಳಕ್ಕೆ ಹೆದರಿ ನಡಿಗೆಗೂ ಹೋಗಲಾಗದ ಮಳೆಗಾಲದಲ್ಲೇ ತೋಟಿಗನಿಗೆ ಪುರುಸೊತ್ತು.

ಯಾರು ಬರುತ್ತಾರೆ

ಮಗ ತನಗೆಂದು ಮಾಡಿಕೊಂಡ ಕೋಣೆಗೆ ಮೊದಲು ಅವನೊಬ್ಬನೇ ಬರುತ್ತಾನೆ. ಅದು ಹಾಗೇ ಉಳಿದರೆ ಮದುವೆಯೋ ಕೆಲಸವೋ ಬಂದಾಗ ಕೊಟ್ಟಿಗೆ ಮತ್ತೆ ಖಾಲಿ. ಮನೆಯ ಹೆಣ್ಣುಮಕ್ಕಳು ಬರತೊಡಗಿದರೆ ಮಾತ್ರ ಅದು ನಿಲ್ಲುತ್ತದೆ ಎಂದು ನಾನು ನಂಬಿದ್ದೇನೆ. ಪೇಟೆಯ ಜಿಮ್ಮಿಗೆ ಹೋಗಿಬರಲು ಬಸ್ಸಿನ ಹೊತ್ತು ಹೊಂದದು. ರಸ್ತೆಯಲ್ಲಿ ಬೆಳಗಿನ ವಾಕಿಂಗ್ ಹೊರಟರೆ "ಎಲ್ಲಿಗ್ ಹೊಂಟೆ ಅತ್ತಿಗೆ, ಬಸ್ ತಪ್ಪಿತ್ತನೇ?" ಎಂದು ಕೇಳುವವರೇ. ಹಿತ್ತಿಲ ಬಾಗಿಲಿಂದ ಇಪ್ಪತ್ತು ಹೆಜ್ಜೆಯ ಕೊಟ್ಟಿಗೆಗೆ ಈ ತಕರಾರು ಯಾವುದೂ ಇಲ್ಲ. ಸೀರೆಯಲ್ಲೇ ಆಗುವುದೂ ಸಾಕಷ್ಟಿದೆ: ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಐದು ಕಿಲೋದ ಡಬ್ಬಿಯನ್ನು ಬೆನ್ನು ನೆಟ್ಟಗಿಟ್ಟು ಸೊಂಟದಲ್ಲಿ ಬಾಗಿ ಎತ್ತಿ ಇಡುವುದು, ಗೋಡೆಗೆ ಕೈಕೊಟ್ಟು ದಂಡ. ಸುಲಿತದಲ್ಲಿ ಗಟ್ಟಿಯಾದ ಸೊಂಟಕ್ಕೆ ಬೇಕಾದದ್ದು ಇವೇ. ಅಜ್ಜನಿಗೆ ಕಂಬ ಹಿಡಿದು ಒಂಟಿಕಾಲಲ್ಲಿ ನಿಲ್ಲುವ ಅಭ್ಯಾಸ ಸಾಕು. ಬಚ್ಚಲಲ್ಲಿ ಜಾರಿ ಬೀಳುವುದನ್ನು ತಪ್ಪಿಸಲು ಅದಕ್ಕಿಂತ ಸುಲಭದ ಉಪಾಯ ಬೇರೊಂದಿಲ್ಲ.

ಅಕ್ಕಪಕ್ಕದ ಹುಡುಗರು ಕೇಳಿಕೊಂಡು ಬಂದರೆ? ಬರಲಿ. ದುಡ್ಡು ತೆಗೆದುಕೊಳ್ಳದಿದ್ದರೆ ಅದು ಮನೆಯ ವಿಷಯ. ತಿಂಗಳಿಗಿಷ್ಟು ಎಂದು ತೆಗೆದುಕೊಂಡರೆ ಅದು ವ್ಯಾಪಾರ, ಪಂಚಾಯಿತಿಯಲ್ಲಿ ಪರವಾನಗಿಯ ಮಾತು ಬರುತ್ತದೆ. ಮನೆಯಾಚೆಯ ಮಾತೂ ಇದೆ. ಯಲ್ಲಾಪುರ, ಹಳಿಯಾಳದ ಕಾಡಂಚಿನ ಸಿದ್ದಿ ಸಮುದಾಯದ ಮಕ್ಕಳನ್ನು 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಯೋಜನೆಯಡಿ ಆಯ್ದು ಹಾಸ್ಟೆಲಿನಲ್ಲಿಟ್ಟು ತರಬೇತಿ ಕೊಟ್ಟಿತು. ಕೆಲವರು ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದರು, 1993ರಲ್ಲಿ ಯೋಜನೆ ನಿಂತುಹೋಯಿತು. ಓಡಬಲ್ಲ, ಎತ್ತಬಲ್ಲ ಮಕ್ಕಳು ಆ ಹಳ್ಳಿಗಳಲ್ಲಿ ಈಗಲೂ ಇದ್ದಾರೆ. ಊರಿನ ಒಂದು ಖಾಲಿ ಶೆಡ್ಡು, ಶಾಲೆಯ ಹಳೆಯ ಕೋಣೆ, ಸೊಸೈಟಿಯ ಬಳಸದ ಗೋದಾಮು, ಇಂಥದ್ದರಲ್ಲಿ ನಾಲ್ಕು ಮ್ಯಾಟು, ಒಂದು ಬಾರು ಇಡಲು ದಿಲ್ಲಿಯ ಅಪ್ಪಣೆ ಬೇಕಾಗಿಲ್ಲ. ಗ್ರಾಮ ಪಂಚಾಯಿತಿಗಳು ಇದನ್ನು ಯೋಚಿಸಬೇಕು. ಬಯಲು ಜಿಮ್ಮೆಂದು ಉದ್ಯಾನಗಳಲ್ಲಿ ನಿಲ್ಲಿಸಿದ ಬಣ್ಣದ ಯಂತ್ರಗಳು ಈ ಮಳೆಗೆ ಎಷ್ಟು ವರ್ಷ ಬಾಳುತ್ತವೆ ಎಂಬುದನ್ನು ಒಮ್ಮೆ ಹೋಗಿ ಮುಟ್ಟಿ ನೋಡಿದರೆ ಸಾಕು.

ಕೆಲಸ ಹಿಡಿಯುವವರಿಗೆ ಕೊನೆಯದಾಗಿ ದಿನದ ಲೆಕ್ಕ. ದೀಪಾವಳಿ ಕಳೆದ ಮೇಲೆ ಅಡಿಕೆ ಕೊಯ್ಲು, ಸುಲಿತ ಶುರುವಾದರೆ ಶಿವರಾತ್ರಿಯ ತನಕ ಮನೆಯಲ್ಲೂ ಪುರುಸೊತ್ತಿಲ್ಲ, ಆಳೂ ಸಿಗುವುದಿಲ್ಲ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಆ ವರ್ಷವಾದರೆ ಜಾತ್ರೆಯ ವಾರದಲ್ಲಿ ಮೇಸ್ತ್ರಿಯ ಹೆಸರೆತ್ತಬೇಡಿ. ಹೆಂಚು ಕೈಯಾಡಿಸುವುದು ಮತ್ತು ನೆಲ ಅಗೆಯುವುದನ್ನು ಏಪ್ರಿಲ್ ಮೊದಲ ವಾರಕ್ಕೆ ಇಟ್ಟುಕೊಂಡರೆ ಕಾಂಕ್ರೀಟಿಗೆ ನೀರುಣಿಸಿ ಪೂರ್ತಿ ಬಲ ಬರಲು 28 ದಿನ ಸಿಗುತ್ತದೆ. ಸುಣ್ಣ, ಜಾಳಿಗೆ, ಒಂದು ದೀಪದ ವೈರಿಂಗು ಮೇ ಮಧ್ಯದೊಳಗೆ ಮುಗಿಯಬೇಕು. ಮ್ಯಾಟು ಆಮೇಲೆ ಹಾಸಿ, ಕಬ್ಬಿಣ ಮೃಗಶಿರಾ ಮಳೆ ಹಿಡಿಯುವ ಮುಂಚೆ ಒಳಗೆ ಬಂದರೆ ಸಾಕು.